ಸೋದರತ್ತೆಯ ಮೇಲೆ ಹೂಡಿದ ದಾವೆ: ಆರ್ತ್ವಾದ ರೊಬೇರ್‌ನ ಪ್ರಕರಣ

1302ರ ಜುಲೈ 11ರಂದು ಈಗಿನ ಬೆಲ್ಜಿಯಂ ಕಡೆಯ ಸೀಮೆಯಾದ ಫ್ಲಾಂಡರ್ಸ್‌ನ ಕೂರ್ತ್ರೇ ಊರಿನ ಹೊರಗೆ ಫ್ರಾನ್ಸಿನ ಕುದುರೆ ಸೇನೆ ಹೀನಾಯವಾಗಿ ಸೋತಿತು. ಎದುರಿಗಿದ್ದವರು ನೇಕಾರರು, ಕಸುಬುದಾರರು, ಕಾಲಾಳುಗಳು. ಜವುಗು ನೆಲದಲ್ಲಿ, ಕಾಲುವೆಗಳ ನಡುವೆ ಕುದುರೆಗಳು ಸಿಕ್ಕಿಕೊಂಡವು. ಸತ್ತ ನೈಟ್‌ಗಳ ಕಾಲಿನಿಂದ ಬಿಚ್ಚಿದ ಚಿನ್ನದ ಬಣ್ಣದ ಹಿಮ್ಮಡಿ ಮುಳ್ಳುಗಳನ್ನು ಗೆದ್ದವರು ಚರ್ಚಿನಲ್ಲಿ ತೂಗುಹಾಕಿದರು. ಆ ದಿನ ಸತ್ತವರಲ್ಲಿ ಫ್ರೆಂಚ್ ಸೇನೆಯ ನಾಯಕನೇ ಇದ್ದ. ಅವನು ಆರ್ತ್ವಾ ಸೀಮೆಯ ಕೌಂಟ್, ಅಂದರೆ ಒಡೆಯ, ಎರಡನೇ ರೊಬೇರ್.

ಈ ಮನೆತನಕ್ಕೆ ಯುದ್ಧದಲ್ಲಿ ಸಾಯುವುದು ಹೊಸದೇನಲ್ಲ. ಅವನ ಅಪ್ಪ ಒಂದನೇ ರೊಬೇರ್, ಸಂತ ಲೂಯಿ ರಾಜನ ತಮ್ಮ, 1250ರಲ್ಲಿ ಈಜಿಪ್ಟಿನ ಮನ್ಸೂರಾದಲ್ಲಿ ಸತ್ತಿದ್ದ. ಅಪ್ಪ ಸತ್ತ ಮೇಲೆ ಹುಟ್ಟಿದ ಮಗು ಈ ಎರಡನೇ ರೊಬೇರ್. ಅವನ ಒಬ್ಬನೇ ಬದುಕಿದ್ದ ಮಗ ಫಿಲಿಪ್ 1297ರಲ್ಲಿ ಫ್ಲಾಂಡರ್ಸ್‌ನ ಫೂರ್ನ್ ಬಳಿ ಗಾಯಗೊಂಡು ಮರುವರ್ಷ ತೀರಿಕೊಂಡಿದ್ದ. ಅಂದರೆ ಮಗ ಮೊದಲು ಹೋದ, ಅಪ್ಪ ಆಮೇಲೆ ಹೋದ. ಪ್ರಕರಣ ಶುರುವಾಗುವುದೇ ಈ ಹಿಂದುಮುಂದಿನಿಂದ.

ಕೂರ್ತ್ರೇಯ ಸುದ್ದಿ ಬಂದಾಗ ಉಳಿದಿದ್ದವರು ಇಬ್ಬರು. ಒಬ್ಬಳು ಸತ್ತ ಕೌಂಟನ ಮಗಳು ಮಾಓ, ಮೂವತ್ತು ದಾಟಿದವಳು, ಬರ್ಗಂಡಿಯ ಕೌಂಟ್ ನಾಲ್ಕನೇ ಒಟ್ಟೋನ ಹೆಂಡತಿ. ಇನ್ನೊಬ್ಬ ಸತ್ತ ಮಗ ಫಿಲಿಪ್‌ನ ಮಗ, ಮೊಮ್ಮಗ ರೊಬೇರ್. 1287ರಲ್ಲಿ ಹುಟ್ಟಿದ ಅವನಿಗೆ ಆಗ ಸುಮಾರು ಹದಿನೈದು ವರ್ಷ. ಆರ್ತ್ವಾ ಯಾರಿಗೆ ಸೇರಬೇಕು? ಸೋದರತ್ತೆಗೋ, ಅಳಿಯನಿಗೋ?

ಆರ್ತ್ವಾ ಅಂದರೆ ಏನೋ ಮೂಲೆಯ ಜಹಗೀರು ಅಂದುಕೊಳ್ಳಬೇಡಿ. ಈಗಿನ ಫ್ರಾನ್ಸಿನ ಉತ್ತರ ತುದಿಯಲ್ಲಿರುವ ಸೀಮೆ ಅದು. ರಾಜಧಾನಿ ಅರಾಸ್ ಉಣ್ಣೆ ಬಟ್ಟೆಗೆ, ಲೇವಾದೇವಿಗೆ ಯುರೋಪಿನಲ್ಲೆಲ್ಲ ಹೆಸರಾದ ಊರು. ಸಾಂತೊಮೇರ್ ಇನ್ನೊಂದು ದುಡ್ಡಿನ ಪೇಟೆ. ಎದಾಂ ಎಂಬಲ್ಲಿ ಕೌಂಟ್‌ಗಳ ಕೋಟೆ ಮತ್ತು ಉದ್ಯಾನ. ಅಲ್ಲಿ ಯಂತ್ರದ ಗೊಂಬೆಗಳಿದ್ದವು, ಬಂದ ಅತಿಥಿಗಳ ಮೇಲೆ ನೀರು ಚಿಮ್ಮಿಸುವ ಕೀಲುಗಳಿದ್ದವು. ಅಷ್ಟು ಸಿರಿಯ ಸೀಮೆಯನ್ನು ಯಾರೂ ಸುಮ್ನೆ ಬಿಟ್ಟುಕೊಡುವುದಿಲ್ಲ.

ಮೊದಲ ತೀರ್ಪು

ಸತ್ತ ಮಗನ ಪಾಲು ಅವನ ಮಕ್ಕಳಿಗೆ ಹೋಗಬೇಕು ಎಂಬುದು ನಮಗೆ ಸಹಜವಾಗಿ ಕಾಣುತ್ತದೆ. ಅಪ್ಪ ಇದ್ದಿದ್ದರೆ ಅವನಿಗೆ ಬರುತ್ತಿದ್ದದ್ದು, ಅಪ್ಪನ ಜಾಗದಲ್ಲಿ ನಿಂತ ಮಗನಿಗೂ ಬರಬೇಕು, ಅಲ್ವಾ? ಆಗಿನ ಫ್ರಾನ್ಸಿನ ಹಲವು ಸೀಮೆಗಳಲ್ಲಿ ಪದ್ಧತಿಯೂ ಹಾಗೇ ಇತ್ತು. ಆದರೆ ಆರ್ತ್ವಾದಲ್ಲಿ ಇರಲಿಲ್ಲ. ಅಲ್ಲಿನ ರೂಢಿ ಬೇರೆ: ಸತ್ತವನಿಗೆ ಯಾರು ಹತ್ತಿರದ ರಕ್ತವೋ ಅವರಿಗೆ ಆಸ್ತಿ. ಮಗಳು ಒಂದು ಮೆಟ್ಟಿಲು ದೂರ, ಮೊಮ್ಮಗ ಎರಡು ಮೆಟ್ಟಿಲು ದೂರ. ಮಗಳಿಗೇ ಸೇರಬೇಕು. ಸತ್ತ ಅಪ್ಪನ ಜಾಗದಲ್ಲಿ ನಿಲ್ಲುವ ಹಕ್ಕು ಮೊಮ್ಮಗನಿಗೆ ಇಲ್ಲ.

ಮಾಓ ತಡಮಾಡಲಿಲ್ಲ. ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸೀಮೆಯನ್ನು ಕೈಗೆ ತೆಗೆದುಕೊಂಡಳು. ಸ್ವಲ್ಪ ದಿನಕ್ಕೆ ಗಂಡನೂ ತೀರಿಕೊಂಡ. ವಿಧವೆಯಾಗಿ ಅವಳು ಸುಮಾರು ಇಪ್ಪತ್ತೇಳು ವರ್ಷ ಆರ್ತ್ವಾವನ್ನು ಆಳಿದಳು, ಚೆನ್ನಾಗಿಯೇ ಆಳಿದಳು. ಅವಳ ಮನೆಯ ಲೆಕ್ಕದ ಪತ್ರಗಳು ಅರಾಸ್‌ನಲ್ಲಿ ಇವತ್ತಿಗೂ ರಾಶಿ ರಾಶಿಯಾಗಿ ಉಳಿದಿವೆ. ಕಟ್ಟಡ, ದಾನ, ಬಟ್ಟೆ, ಔಷಧಿ, ಗೋಡೆಯ ಚಿತ್ರಕ್ಕೆ ಬಳಿದ ಬಣ್ಣ, ಎಲ್ಲಕ್ಕೂ ಲೆಕ್ಕ ಇಟ್ಟ ಹೆಂಗಸು.

ರೊಬೇರ್ ದೊಡ್ಡವನಾದ ಮೇಲೆ ದಾವೆ ಹೂಡಿದ. 1309ರ ಅಕ್ಟೋಬರ್‌ನಲ್ಲಿ ರಾಜ ನಾಲ್ಕನೇ ಫಿಲಿಪ್ ತೀರ್ಪು ಕೊಟ್ಟ: ಆರ್ತ್ವಾ ಮಾಓಗೆ. ರೊಬೇರ್‌ಗೆ ಪರಿಹಾರವಾಗಿ ವರ್ಷಾಶನ ಮತ್ತು ನಾರ್ಮಂಡಿಯ ಬೋಮೋಂ-ಲ-ರೋಜೆ ಎಂಬ ಜಹಗೀರು.

ತೀರ್ಪು ರೂಢಿಗೆ ಸರಿಯಾಗಿಯೇ ಇತ್ತು. ಆದರೆ ಅದನ್ನು ಕೊಟ್ಟ ರಾಜನಿಗೆ ಈ ಆಸ್ತಿಯಲ್ಲಿ ಆಸಕ್ತಿ ಇರಲಿಲ್ಲ ಎನ್ನುವಂತಿಲ್ಲ. ಮಾಓಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಝಾನ್ 1307ರಲ್ಲಿ ರಾಜನ ಎರಡನೇ ಮಗನನ್ನು ಮದುವೆಯಾಗಿದ್ದಳು. ಕಿರಿಯಳು ಬ್ಲಾಂಶ್ 1308ರಲ್ಲಿ ಮೂರನೇ ಮಗನನ್ನು. ಅಂದರೆ ದಾವೆಯಲ್ಲಿ ಗೆದ್ದ ಪ್ರತಿವಾದಿ ನ್ಯಾಯಾಧೀಶನಿಗೆ ಎರಡೆರಡು ಸಲ ಬೀಗಿತ್ತಿ! ಮಾಓಗೆ ಒಬ್ಬ ಮಗನೂ ಇದ್ದ, ಅವನ ಹೆಸರೂ ರೊಬೇರೇ. ಅವನು ಹರೆಯದಲ್ಲೇ ತೀರಿಕೊಂಡ. ಅವನ ಗೋರಿಯ ಶಿಲ್ಪವನ್ನು ಈಗ ಪ್ಯಾರಿಸ್ ಪಕ್ಕದ ಸಾಂ-ದೆನಿಯಲ್ಲಿ ನೋಡಬಹುದು. ಅವನು ಹೋದ ಮೇಲೆ ಆರ್ತ್ವಾ ಮುಂದೆ ರಾಜನ ಸೊಸೆಗೆ ಹೋಗುವುದು ಖಚಿತವಾಯಿತು.

ನನ್ನ ಮಟ್ಟಿಗೆ ರೊಬೇರ್‌ನ ಸಿಟ್ಟಿನಲ್ಲಿ ಅರ್ಧ ನ್ಯಾಯ ಇತ್ತು. ಕಾನೂನು ಅವನ ಕಡೆ ಇರಲಿಲ್ಲ ನಿಜ. ಆದರೆ ಕಾನೂನನ್ನು ಓದಿದವರು ಹೊರಗಿನವರೂ ಆಗಿರಲಿಲ್ಲ.

ಕತ್ತಿ, ಹೆಣ್ಣುಗಳ ಹಗರಣ, ಇನ್ನೊಂದು ತೀರ್ಪು

1314 ಮಾಓಗೆ ಕೆಟ್ಟ ವರ್ಷ. ಅವಳ ಇಬ್ಬರು ಹೆಣ್ಣುಮಕ್ಕಳು ಮತ್ತು ರಾಜನ ಹಿರಿಸೊಸೆ ಮಾರ್ಗರೀತ್ ಸೇರಿ ಮೂವರೂ ಹಾದರದ ಹಗರಣದಲ್ಲಿ ಸಿಕ್ಕಿಬಿದ್ದರು. ಬ್ಲಾಂಶ್ ತಪ್ಪಿತಸ್ಥೆ ಎಂದು ತೀರ್ಮಾನವಾಗಿ ಶಾತೋ ಗಯಾರ್ ಕೋಟೆಯಲ್ಲಿ ಸೆರೆಯಾದಳು. ಝಾನ್ ನಿರಪರಾಧಿ ಎಂದು ಬಿಡುಗಡೆಯಾಗಿ ಗಂಡನ ಬಳಿಗೆ ಮರಳಿದಳು. ಅದೇ ವರ್ಷ ರಾಜನೂ ಸತ್ತ. ಆರ್ತ್ವಾದ ಸಣ್ಣ ಗೌಡಿಕೆಯ ಕುಲೀನರು ಮಾಓಳ ತೆರಿಗೆ ಮತ್ತು ಅವಳ ಮಂತ್ರಿ ತಿಯೆರಿ ದಿರೆಸೋಂ ವಿರುದ್ಧ ತಿರುಗಿಬಿದ್ದರು. ರೊಬೇರ್ ಅವರ ಜೊತೆ ಸೇರಿಕೊಂಡ. 1316ರಲ್ಲಿ ಸೇನೆ ಕಟ್ಟಿಕೊಂಡು ಅರಾಸ್‌ಗೆ ನುಗ್ಗಿದ.

ಹೊತ್ತು ಸರಿ ಇರಲಿಲ್ಲ. ಅಷ್ಟರಲ್ಲಿ ನಾಲ್ಕನೇ ಫಿಲಿಪ್‌ನ ಹಿರಿಮಗ, ರಾಜ ಹತ್ತನೇ ಲೂಯಿ ಸತ್ತು, ರಾಜ್ಯದ ಹೊಣೆ ಫಿಲಿಪ್‌ನ ಕೈಗೆ ಬಂದಿತ್ತು. ಯಾರು ಈ ಫಿಲಿಪ್? ಮಾಓಳ ಹಿರಿ ಅಳಿಯ. ಅವನು ಸೇನೆ ತೆಗೆದುಕೊಂಡು ಬಂದ, ರೊಬೇರ್ ಶರಣಾದ, ಪ್ಯಾರಿಸ್‌ನಲ್ಲಿ ಕೆಲವು ಕಾಲ ಸೆರೆಯಲ್ಲಿದ್ದ. 1317ರ ಜನವರಿಯಲ್ಲಿ ಐದನೇ ಫಿಲಿಪ್ ಪಟ್ಟವೇರಿದಾಗ ರಾಜ್ಯದ ಮುಖ್ಯ ಸಾಮಂತರ ಸಾಲಿನಲ್ಲಿ ನಿಂತು ಕಿರೀಟಕ್ಕೆ ಕೈ ಹಚ್ಚಿದವರಲ್ಲಿ ಮಾಓ ಕೂಡ ಒಬ್ಬಳು. ಹೆಣ್ಣೊಬ್ಬಳು ಕಿರೀಟ ಹಿಡಿದಳಲ್ಲ ಎಂದು ಹಲವರಿಗೆ ಕಣ್ಣುರಿ. ಲೂಯಿ ರಾಜನಿಗೆ ಮಾಓ ವಿಷ ಹಾಕಿಸಿದಳು ಎಂಬ ಆರೋಪವೂ ಹಬ್ಬಿತ್ತು. ವಿಚಾರಣೆ ನಡೆದು 1317ರಲ್ಲಿ ಅವಳು ನಿರ್ದೋಷಿ ಎಂದಾಯಿತು.

1318ರಲ್ಲಿ ಎರಡನೇ ತೀರ್ಪು. ಮತ್ತೆ ಆರ್ತ್ವಾ ಮಾಓಗೇ. ಈ ಸಲ ರೊಬೇರ್ ಒಪ್ಪಿಕೊಂಡ. ಒಪ್ಪಿದ್ದಕ್ಕೆ ಅವನಿಗೆ ಸಿಕ್ಕಿದ್ದು ಸಣ್ಣದಲ್ಲ. ರಾಜವಂಶದ ಹುಡುಗಿ ಝಾನ್ ದ ವಲ್ವಾಳ ಜೊತೆ ಮದುವೆ. ಅವಳು ವಲ್ವಾದ ಶಾರ್ಲ್‌ನ ಮಗಳು, ನಾಲ್ಕನೇ ಫಿಲಿಪ್‌ನ ತಮ್ಮನ ಮಗಳು. ಮುಂದಿನ ಹತ್ತು ವರ್ಷ ರೊಬೇರ್ ಸದ್ದಿಲ್ಲದೆ ಇದ್ದ. ಮಕ್ಕಳಾದರು. ಕಥೆ ಇಲ್ಲಿಗೇ ಮುಗಿದಿದ್ದರೆ ಅವನ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ.

ರಾಜನ ತಂಗಿಯ ಗಂಡ

ನಾಲ್ಕನೇ ಫಿಲಿಪ್‌ನ ಮೂವರೂ ಗಂಡುಮಕ್ಕಳು ಒಬ್ಬರ ಹಿಂದೊಬ್ಬರು ರಾಜರಾದರು, ಒಬ್ಬರ ಹಿಂದೊಬ್ಬರು ಬದುಕುಳಿದ ಗಂಡು ಸಂತಾನವಿಲ್ಲದೆ ಸತ್ತರು. 1328ರ ಫೆಬ್ರವರಿಯಲ್ಲಿ ಕೊನೆಯವನು ನಾಲ್ಕನೇ ಶಾರ್ಲ್ ಹೋದ. ಕಿರೀಟ ಯಾರಿಗೆ? ಸತ್ತ ರಾಜರ ತಂಗಿ ಇಸಬೆಲ್ಲಾಳ ಮಗ, ಇಂಗ್ಲೆಂಡಿನ ಮೂರನೇ ಎಡ್ವರ್ಡ್ ಹತ್ತಿರದ ಗಂಡು ರಕ್ತ. ಆದರೆ ಹಕ್ಕು ಬರುವುದು ತಾಯಿಯ ಮೂಲಕ. ಗಂಡಿನ ಮೂಲಕವೇ ಹುಡುಕುತ್ತಾ ಹೋದರೆ ಸಿಗುವವನು ದಾಯಾದಿ, ವಲ್ವಾದ ಫಿಲಿಪ್. ರೊಬೇರ್‌ನ ಹೆಂಡತಿಯ ಅಣ್ಣ.

ರೊಬೇರ್ ಫಿಲಿಪ್‌ನ ಪರ ಗಟ್ಟಿಯಾಗಿ ನಿಂತ. ಹೆಣ್ಣಿನ ಮೂಲಕ ಕಿರೀಟ ಬರುವುದಿಲ್ಲ ಎಂಬ ವಾದ ಗೆದ್ದಿತು. ಆರನೇ ಫಿಲಿಪ್ ರಾಜನಾದ. ರೊಬೇರ್ ಆಸ್ಥಾನದಲ್ಲಿ ಮೊದಲ ಸಾಲಿನವನಾದ. 1329ರ ಆರಂಭದಲ್ಲಿ ಅವನ ಬೋಮೋಂ ಜಹಗೀರಿಗೆ ಮುಖ್ಯ ಸಾಮಂತರ ಪದವಿಯೂ ಸಿಕ್ಕಿತು. ಈಗ ಅವನು ಸೋದರತ್ತೆಗೆ ಸರಿಸಮ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಎರಡು ಸಲ ಸೋತ ದಾವೆಯನ್ನು ಮತ್ತೆ ತೆರೆಯಬೇಕು ಎಂದರೆ ಹೊಸ ಆಧಾರ ಬೇಕು. ಆರ್ತ್ವಾದ ರೂಢಿ ಬದಲಾಗಿರಲಿಲ್ಲ. ಆದರೆ ರೂಢಿಯನ್ನು ಮೀರುವ ದಾರಿ ಒಂದಿತ್ತು, ಮದುವೆಯ ಒಪ್ಪಂದ. ಪಕ್ಕದ ಫ್ಲಾಂಡರ್ಸ್‌ನಲ್ಲಿ 1322ರಲ್ಲಿ ಇಂಥದ್ದೇ ಸಂದರ್ಭ ಬಂದಿತ್ತು. ಮಗ ಮೊದಲು ಸತ್ತ, ಅದೇ ವರ್ಷ ಅಪ್ಪ ಸತ್ತ, ಮೊಮ್ಮಗ ಲೂಯಿ ಮತ್ತು ಚಿಕ್ಕಪ್ಪನ ನಡುವೆ ಪೈಪೋಟಿ. ಮೊಮ್ಮಗನಿಗೇ ಸೇರಬೇಕು ಎಂದು ಅವನ ಮದುವೆಯ ಹೊತ್ತಿನಲ್ಲೇ ಮಾತಾಗಿತ್ತು. ಅವನು ಗೆದ್ದ. ಆ ಲೂಯಿಯ ಹೆಂಡತಿ ಬೇರೆ ಯಾರೂ ಅಲ್ಲ, ಮಾಓಳ ಮೊಮ್ಮಗಳು ಮಾರ್ಗರೀತ್. ತನ್ನ ದಾವೆಯಲ್ಲಿ ಇಲ್ಲದೆ ಹೋದದ್ದು ಅಂಥ ಒಂದು ಕಾಗದ ಅಂತ ರೊಬೇರ್‌ಗೆ ಚೆನ್ನಾಗಿ ಗೊತ್ತಿತ್ತು.

ಮತ್ತೆ ಆ ಕಾಗದ ಸಿಕ್ಕೇ ಬಿಟ್ಟಿತು!

ದಿವಿಯೋಂ ತಂದ ಪತ್ರ

ಮಾಓಳ ಮಂತ್ರಿ ತಿಯೆರಿ ದಿರೆಸೋಂ ಕೊನೆಗಾಲದಲ್ಲಿ ಅರಾಸ್‌ನ ಬಿಷಪ್ ಆಗಿದ್ದ. 1328ರ ಕೊನೆಗೆ ತೀರಿಕೊಂಡ. ಅವನ ಜೊತೆ ಬಾಳುತ್ತಿದ್ದವಳು ಝಾನ್ ದ ದಿವಿಯೋಂ, ಸಣ್ಣ ಕುಲೀನ ಮನೆತನದ ಹೆಂಗಸು, ಗಂಡನನ್ನು ಬಿಟ್ಟು ಬಂದವಳು. ಬಿಷಪ್ ಅವಳಿಗೆ ಬಿಟ್ಟು ಹೋದ ದುಡ್ಡನ್ನು ಮಾಓ ಕೊಡಲಿಲ್ಲ, ಅವಳನ್ನು ಅರಾಸ್‌ನಿಂದ ಓಡಿಸಿದಳು ಎಂದು ಹೇಳುತ್ತಾರೆ. ಸಿಟ್ಟು ಹೊತ್ತ ದಿವಿಯೋಂ ನೇರ ರೊಬೇರ್‌ನ ಮನೆಗೆ ಬಂದಳು.

ಕಥೆ ಹೀಗೆ ಕಟ್ಟಲಾಗಿತ್ತು: ರೊಬೇರ್‌ನ ಅಪ್ಪ ಫಿಲಿಪ್ ಮದುವೆಯಾದಾಗ, ಮಗ ಮೊದಲೇ ಸತ್ತರೂ ಆರ್ತ್ವಾ ಅವನ ಮಕ್ಕಳಿಗೆ ಸೇರಲಿ ಎಂದು ಅಜ್ಜ ಬರೆದುಕೊಟ್ಟಿದ್ದ. ಆ ಪತ್ರಗಳನ್ನು ತಿಯೆರಿ ಕದ್ದು ಮುಚ್ಚಿಟ್ಟಿದ್ದ. ಸಾಯುವಾಗ ಪಾಪಪ್ರಜ್ಞೆ ಕಾಡಿ ದಿವಿಯೋಂಗೆ ಹೇಳಿ ಹೋದ. ಕೇಳಲು ಚೆನ್ನಾಗಿದೆ. ಹೇಳಿದವನು ಸತ್ತಿದ್ದಾನೆ, ಅಲ್ಲಗಳೆಯುವವರು ಯಾರೂ ಇಲ್ಲ.

ಆ ಕಾಲದಲ್ಲಿ ಪತ್ರಕ್ಕೆ ಬಲ ಕೊಡುತ್ತಿದ್ದದ್ದು ಸಹಿ ಅಲ್ಲ, ಮೇಣದ ಮೊಹರು. ಚರ್ಮದ ಹಾಳೆಯ ಕೆಳಗೆ ದಾರಕ್ಕೋ ಪಟ್ಟಿಗೋ ಅಂಟಿ ನೇತಾಡುವ ಮೊಹರು ಅಸಲಿಯಾದರೆ ಪತ್ರವೂ ಅಸಲಿ. ಖೋಟಾ ಮಾಡುವವರ ಕೆಲಸವೂ ಅಲ್ಲೇ. ಯಾವುದೋ ಹಳೆಯ ನಿಜವಾದ ಪತ್ರ ಹುಡುಕಬೇಕು, ಮೊಹರನ್ನು ಒಡೆಯದಂತೆ ಬಿಡಿಸಬೇಕು, ಹೊಸದಾಗಿ ಬರೆದ ಪತ್ರಕ್ಕೆ ಕಾಯಿಸಿ ಕೂಡಿಸಬೇಕು. ದಿವಿಯೋಂ ಮತ್ತು ಅವಳ ಜೊತೆಗಾರರು ಮಾಡಿದ್ದು ಇದನ್ನೇ. ರೊಬೇರ್‌ನ ಹೆಂಡತಿಗೂ ಇದೆಲ್ಲ ಗೊತ್ತಿತ್ತು, ಅವಳೇ ಒತ್ತಾಯ ಮಾಡಿದಳು ಎಂದು ದಿವಿಯೋಂ ಆಮೇಲೆ ಹೇಳಿದಳು. ಆ ಮಾತನ್ನು ಎಷ್ಟು ನಂಬಬೇಕು ಎನ್ನುವುದು ಬೇರೆ ಪ್ರಶ್ನೆ. ಸೆರೆಮನೆಯಲ್ಲಿ ಹೊರಬಂದ ಮಾತು ಅದು.

1329ರಲ್ಲಿ ರೊಬೇರ್ ರಾಜನ ಮುಂದೆ ಹಕ್ಕನ್ನು ಮತ್ತೆ ಎತ್ತಿದ. ವಿಚಾರಣೆ ಶುರುವಾಯಿತು. ಅಷ್ಟರಲ್ಲಿ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ಮಾಓ ತೀರಿಕೊಂಡಳು. ಎರಡು ತಿಂಗಳೂ ಕಳೆಯಲಿಲ್ಲ, ಅವಳ ಮಗಳು, ವಿಧವೆ ರಾಣಿ ಝಾನ್, ಆರ್ತ್ವಾಗೆ ಹೋಗುವ ದಾರಿಯಲ್ಲೇ ಸತ್ತಳು. ವಿಷದ ಮಾತು ಮತ್ತೆ ಬಂತು, ಈ ಸಲ ಬೆರಳು ರೊಬೇರ್ ಕಡೆಗೆ. ಸಾಬೀತಾಗಲಿಲ್ಲ. ಈ ಇಡೀ ಪ್ರಕರಣದಲ್ಲಿ ಯಾರೇ ಸತ್ತರೂ ವಿಷ ಎಂಬ ಮಾತು ಬರುತ್ತದೆ. ಅದಕ್ಕೆ ಜಾಸ್ತಿ ಬೆಲೆ ಕೊಡಬೇಕಾಗಿಲ್ಲ.

ಆದರೆ ಆ ಎರಡು ಸಾವುಗಳಿಂದ ಎದುರಾಳಿ ಬದಲಾದ. ಆರ್ತ್ವಾ ಈಗ ಹೋದದ್ದು ಮಾಓಳ ಮೊಮ್ಮಗಳಿಗೆ. ಅವಳ ಗಂಡ ಬರ್ಗಂಡಿಯ ಡ್ಯೂಕ್ ನಾಲ್ಕನೇ ಯೂಡ್. ಈ ಯೂಡ್ ಯಾರು? ರಾಣಿಯ ತಮ್ಮ. ರಾಜನ ಒಂದು ಪಕ್ಕದಲ್ಲಿ ತಂಗಿಯ ಗಂಡ, ಇನ್ನೊಂದು ಪಕ್ಕದಲ್ಲಿ ಹೆಂಡತಿಯ ತಮ್ಮ. ಮುದುಕಿ ಮಾಓಳನ್ನು ಎದುರಿಸುವುದು ಒಂದು, ಅಂತಃಪುರವನ್ನೇ ಎದುರಿಸುವುದು ಇನ್ನೊಂದು. ರೊಬೇರ್‌ಗೆ ಈ ಲೆಕ್ಕ ತಿಳಿಯಲಿಲ್ಲವೋ, ತಿಳಿದೂ ನಿಲ್ಲಲಾಗಲಿಲ್ಲವೋ.

ಪತ್ರಗಳು ಖೋಟಾ, ಅವನ್ನು ಮುಂದಿಡಬೇಡ ಎಂದು ರಾಜನೇ ಅವನಿಗೆ ಎಚ್ಚರಿಸಿದ ಎಂದು ಆ ಕಾಲದ ವೃತ್ತಾಂತಗಳು ಹೇಳುತ್ತವೆ. ಹಾಗೆಂದವರ ಜೊತೆ ಕತ್ತಿ ಹಿಡಿದು ಹೋರಾಡುತ್ತೇನೆ ಎಂದನಂತೆ ರೊಬೇರ್. ಪ್ರಕರಣದ ತಿರುವು ಇದು. ಅಲ್ಲಿಯವರೆಗೆ ಫಿಲಿಪ್‌ಗೆ ಇದು ಮನೆಯ ಜಗಳ. ತನಗೆ ಕಿರೀಟ ಬರುವಾಗ ಬೆನ್ನಿಗೆ ನಿಂತ ಭಾವನ ಆಸೆಯನ್ನು ಕಂಡೂ ಕಾಣದಂತೆ ಇರಬಹುದಿತ್ತು. ಆದರೆ ಆ ಪತ್ರಗಳಲ್ಲಿ ಹಿಂದಿನ ರಾಜರ ಹೆಸರಿನ ಒಪ್ಪಿಗೆಯೂ ಇತ್ತು. ರಾಜನ ಮೊಹರನ್ನೇ ಖೋಟಾ ಮಾಡಬಹುದು ಎಂದಾದರೆ ಆಳ್ವಿಕೆಯಲ್ಲಿ ಏನು ಉಳಿಯಿತು? ಅದರಲ್ಲೂ ಫಿಲಿಪ್ ಹೊಸ ವಂಶದ ಮೊದಲ ರಾಜ. ತನ್ನ ಹಕ್ಕಿನ ಬಗ್ಗೆಯೇ ಗಡಿಯಾಚೆ ಗೊಣಗಾಟ ಇರುವಾಗ ಇಂಥದ್ದನ್ನು ನುಂಗಿಕೊಳ್ಳುವುದು ಕಷ್ಟ.

ಖೋಟಾ ಪತ್ರಗಳು 1330ರ ಡಿಸೆಂಬರ್‌ನಲ್ಲಿ ನ್ಯಾಯಾಲಯದ ಮುಂದೆ ಬಂದವು. ದಿವಿಯೋಂ ಬಂಧನದಲ್ಲಿ ಎಲ್ಲವನ್ನೂ ಒಪ್ಪಿಕೊಂಡಳು. ಬರೆದವರು, ಜೊತೆಗಿದ್ದವರು ಬಾಯಿಬಿಟ್ಟರು. 1331ರ ಮಾರ್ಚ್ 23ರಂದು ಪ್ಯಾರಿಸ್‌ನ ರಾಜ ನ್ಯಾಯಾಲಯ ಪತ್ರಗಳು ಖೋಟಾ ಎಂದು ಸಾರಿತು. ಆ ವರ್ಷದ ಅಕ್ಟೋಬರ್‌ನಲ್ಲಿ ದಿವಿಯೋಂಳನ್ನು ಪ್ಯಾರಿಸ್‌ನಲ್ಲಿ ಜೀವಂತ ಸುಟ್ಟರು.

ಪ್ರಕರಣದಲ್ಲಿ ಮೊದಲು ಪ್ರಾಣ ತೆತ್ತವಳು ಅವಳೇ. ಕೌಂಟ್‌ಗೆ ಕರೆಯೋಲೆ ಹೋಗುತ್ತದೆ, ಒಂದಲ್ಲ, ನಾಲ್ಕು ಸಲ ಹೋಗುತ್ತದೆ, ಬರಲು ತಿಂಗಳುಗಟ್ಟಲೆ ಸಮಯ ಸಿಗುತ್ತದೆ. ದಿಕ್ಕಿಲ್ಲದ ಹೆಂಗಸಿಗೆ ಕಟ್ಟಿಗೆ ರಾಶಿ. ಅವಳನ್ನು ಬಳಸಿಕೊಂಡವರು ಅಷ್ಟರಲ್ಲಿ ಗಡಿ ದಾಟಿದ್ದರು.

ರೊಬೇರ್ ಬರಲೇ ಇಲ್ಲ. 1332ರ ಏಪ್ರಿಲ್‌ನಲ್ಲಿ ಗಡೀಪಾರಿನ ತೀರ್ಪು ಬಂತು, ಆಸ್ತಿಯೆಲ್ಲ ಮುಟ್ಟುಗೋಲಾಯಿತು. ವಿಚಾರಣೆಯನ್ನು ತೋರಿಸುವ ಆ ಕಾಲದ ಬಣ್ಣದ ಚಿತ್ರವೊಂದು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನಡುವೆ ರಾಜ, ಎರಡೂ ಕಡೆ ಸಾಲಾಗಿ ಸಾಮಂತರು, ಬಿಷಪ್‌ಗಳು.

ಇಂಗ್ಲೆಂಡಿನ ಅತಿಥಿ

ಅವನು ಮೊದಲು ಓಡಿದ್ದು ಬ್ರಬಾಂಟ್ ಕಡೆಗೆ, ತಂಗಿಯ ಮನೆತನವಿದ್ದ ನಮೂರ್ ಕಡೆಗೆ. ಫಿಲಿಪ್‌ನ ಒತ್ತಡ ಹೆಚ್ಚಿದಂತೆ ಒಬ್ಬೊಬ್ಬರೂ ಅವನನ್ನು ಸಾಗಹಾಕಿದರು. ಈ ನಡುವೆ ಹೊಸ ಆರೋಪಗಳು ಬಂದವು. ರಾಣಿಯನ್ನೂ ಯುವರಾಜ ಝಾಂನನ್ನೂ ಕೊಲ್ಲಲು ಮೇಣದ ಗೊಂಬೆ ಮಾಡಿಸಿ ಮಾಟ ಮಾಡಿಸಿದ ಎಂದು. ಕೊನೆಗೆ ವೇಷ ಮರೆಸಿಕೊಂಡು ಇಂಗ್ಲೆಂಡಿಗೆ ದಾಟಿದ. ಎಡ್ವರ್ಡ್ ಅವನನ್ನು ಬರಮಾಡಿಕೊಂಡು ಇರಲು ಕೋಟೆ, ಬದುಕಲು ವರ್ಷಾಶನ ಕೊಟ್ಟ.

1336ರ ಕೊನೆಗೆ ಫಿಲಿಪ್ ಅವನನ್ನು ಒಪ್ಪಿಸುವಂತೆ ಕೇಳಿದ. ಎಡ್ವರ್ಡ್ ಕೊಡಲಿಲ್ಲ. 1337ರ ಮೇ 24ರಂದು ಫಿಲಿಪ್ ಎಡ್ವರ್ಡ್‌ನ ಕೈಯಲ್ಲಿದ್ದ ನೈರುತ್ಯ ಫ್ರಾನ್ಸಿನ ಗಿಯೆನ್ ಸೀಮೆಯನ್ನು ಮುಟ್ಟುಗೋಲು ಹಾಕಿಕೊಂಡ. ಆದೇಶದಲ್ಲಿ ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು, ಎಡ್ವರ್ಡ್ ರಾಜನ ಪರಮ ವೈರಿ ರೊಬೇರ್‌ಗೆ ಆಶ್ರಯ ಕೊಟ್ಟಿದ್ದಾನೆ ಎಂಬುದು. ನೂರು ವರ್ಷಗಳ ಯುದ್ಧದ ಶುರು ಎಂದು ಸಾಮಾನ್ಯವಾಗಿ ಎಣಿಸುವುದು ಈ ದಿನವನ್ನೇ.

ಹಾಗಂತ ಒಬ್ಬ ಆಸ್ತಿ ಕಳೆದುಕೊಂಡ ಕುಲೀನನಿಂದ ಅಷ್ಟು ದೊಡ್ಡ ಯುದ್ಧ ಹುಟ್ಟಿತು ಎನ್ನುವುದು ಕಥೆ ಹೇಳುವವರ ಹುಮ್ಮಸ್ಸು. ಗಿಯೆನ್ ಮೇಲಿನ ಜಗಳ ಆಗಲೇ ಹಳೆಯದಾಗಿತ್ತು. ಸ್ಕಾಟ್ಲೆಂಡಿನ ರಾಜನಿಗೆ ಫಿಲಿಪ್ ಆಶ್ರಯ ಕೊಟ್ಟಿದ್ದ, ಅದಕ್ಕೆ ಎಡ್ವರ್ಡ್ ಕುದಿಯುತ್ತಿದ್ದ. ಫ್ಲಾಂಡರ್ಸ್‌ನ ಉಣ್ಣೆ ವ್ಯಾಪಾರದ ತಂಟೆ ಬೇರೆ. ರೊಬೇರ್ ಕಾರಣ ಅಲ್ಲ, ಕೈಗೆ ಸಿಕ್ಕ ನೆಪ.

ಅವನ ಸುತ್ತ ಕಟ್ಟಿದ ಕಥೆಗಳಲ್ಲಿ ತುಂಬಾ ಹೆಸರಾದದ್ದು ಒಂದು ಹಳೆಯ ಫ್ರೆಂಚ್ ಪದ್ಯದಲ್ಲಿದೆ, 'ಕೊಕ್ಕರೆಯ ಶಪಥ'. 1338ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ ಔತಣಕ್ಕೆ ರೊಬೇರ್ ಹುರಿದ ಕೊಕ್ಕರೆಯನ್ನು ತರುತ್ತಾನೆ. ತನ್ನ ನೆರಳಿಗೇ ಹೆದರುವ ಹಕ್ಕಿ ಇದು, ತನ್ನ ಹಕ್ಕಿನ ರಾಜ್ಯವನ್ನು ಕೇಳಲು ಹೆದರುವ ರಾಜನಿಗೆ ಇದೇ ತಕ್ಕ ಊಟ ಎನ್ನುತ್ತಾನೆ. ಎಡ್ವರ್ಡ್ ಕೆರಳಿ ಫ್ರಾನ್ಸಿನ ಮೇಲೆ ದಂಡೆತ್ತುವ ಶಪಥ ಮಾಡುತ್ತಾನೆ. ಸೊಗಸಾದ ಕಥೆ. ಆದರೆ ಆ ಸೆಪ್ಟೆಂಬರ್‌ನಲ್ಲಿ ಎಡ್ವರ್ಡ್ ಲಂಡನ್ನಿನಲ್ಲಿ ಇರಲೇ ಇಲ್ಲ. ಜುಲೈನಲ್ಲೇ ಸಮುದ್ರ ದಾಟಿ ಹೋಗಿದ್ದ.

ಮುಖಾಮುಖಿ ಆದದ್ದು 1340ರಲ್ಲಿ. ಜುಲೈ 26ರಂದು ರೊಬೇರ್ ಫ್ಲಾಂಡರ್ಸ್‌ನ ಕಾಲಾಳುಗಳನ್ನೂ ಇಂಗ್ಲಿಷ್ ಬಿಲ್ಲುಗಾರರನ್ನೂ ಕಟ್ಟಿಕೊಂಡು ಸಾಂತೊಮೇರ್ ಎದುರಿಗೆ ಬಂದ. ಊರನ್ನು ಕಾಯುತ್ತಿದ್ದವನು ಡ್ಯೂಕ್ ಯೂಡ್. ಅಂದರೆ ಆರ್ತ್ವಾ ತನ್ನದು ಎನ್ನುವವನೂ, ಆರ್ತ್ವಾವನ್ನು ಇಟ್ಟುಕೊಂಡವನೂ ಆರ್ತ್ವಾದ ಮಣ್ಣಿನಲ್ಲೇ ಎದುರಾದರು. ರೊಬೇರ್‌ನ ತುಕಡಿ ಯೂಡ್‌ನನ್ನು ಊರಿನ ಬಾಗಿಲವರೆಗೂ ಅಟ್ಟಿಕೊಂಡು ಹೋಯಿತು. ಅದೇ ಹೊತ್ತಿಗೆ ಇನ್ನೊಂದು ಬದಿಯಲ್ಲಿ ಆರ್ಮನ್ಯಾಕ್‌ನ ಕೌಂಟ್ ಫ್ಲಾಂಡರ್ಸ್‌ನವರ ಸಾಲನ್ನು ಮುರಿದು ಹಾಕಿದ್ದ. ಕತ್ತಲಾಗುವಾಗ ಗೆದ್ದೆವು ಎಂದುಕೊಂಡು ಎರಡೂ ಕಡೆಯವರು ಒಂದೇ ದಾರಿಯಲ್ಲಿ ಎದುರಾಗಿ ಬಂದರು! ಬಿಡಾರಕ್ಕೆ ಮರಳಿ ನೋಡಿದಾಗ ರೊಬೇರ್‌ಗೆ ಸೇನೆಯೇ ಉಳಿದಿರಲಿಲ್ಲ.

ವಾದ ತಿರುಗುಮುರುಗು

ಅವನ ಕೊನೆಯ ಯುದ್ಧ ನನಗೆ ಈ ಪ್ರಕರಣದ ತುಂಬಾ ವಿಚಿತ್ರ ಭಾಗ.

1341ರಲ್ಲಿ ಬ್ರಿಟನಿಯ ಡ್ಯೂಕ್ ಮಕ್ಕಳಿಲ್ಲದೆ ಸತ್ತ. ಹಕ್ಕುದಾರರು ಇಬ್ಬರು. ಒಬ್ಬಳು ಮೊದಲೇ ಸತ್ತ ತಮ್ಮನ ಮಗಳು. ಇನ್ನೊಬ್ಬ ಬದುಕಿದ್ದ ಮಲತಮ್ಮ, ಮೋಂಫೋರ್‌ನ ಝಾಂ. ಸತ್ತ ಅಪ್ಪನ ಜಾಗದಲ್ಲಿ ಮಗಳು ನಿಲ್ಲಬಹುದೇ, ಅಥವಾ ಹತ್ತಿರದ ರಕ್ತವೇ ಮೇಲೋ? ಆರ್ತ್ವಾದ ಪ್ರಶ್ನೆಯೇ ಮತ್ತೆ ಬಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಕೋಂಫ್ಲಾಂ ಎಂಬಲ್ಲಿ ಫ್ರಾನ್ಸಿನ ನ್ಯಾಯಾಲಯ ಮಗಳ ಪರ ತೀರ್ಪು ಕೊಟ್ಟಿತು. ಅವಳ ಗಂಡ ಬ್ಲ್ವಾದ ಶಾರ್ಲ್ ಆರನೇ ಫಿಲಿಪ್‌ನ ಸೋದರಳಿಯ. ಬ್ರಿಟನಿಯ ರೂಢಿ ಬೇರೆ, ಆರ್ತ್ವಾದ್ದು ಬೇರೆ ಎನ್ನಬಹುದು. ಆದರೆ ಎರಡೂ ಸಲ ತೀರ್ಪು ರಾಜನ ಬೀಗರ ಮನೆಗೇ ಹೋಯಿತು.

ಮೋಂಫೋರ್ ಎಡ್ವರ್ಡ್‌ನ ಮೊರೆ ಹೋದ. 1342ರಲ್ಲಿ ಅವನ ಪರವಾಗಿ ಸೇನೆ ತೆಗೆದುಕೊಂಡು ಬ್ರಿಟನಿಗೆ ಹೋದವರಲ್ಲಿ ರೊಬೇರ್ ಕೂಡ ಒಬ್ಬ. ಅಂದರೆ ಹತ್ತಿರದ ರಕ್ತವೇ ಮೇಲು, ಸತ್ತವನ ಜಾಗದಲ್ಲಿ ಮಕ್ಕಳು ನಿಲ್ಲುವಂತಿಲ್ಲ ಎಂಬ ವಾದದ ಪರ. ಮೂವತ್ಮೂರು ವರ್ಷ ಹಿಂದೆ ಮಾಓ ಗೆದ್ದದ್ದು ಇದೇ ವಾದದಿಂದ.

ಲೆಕ್ಕ ಹಾಕಿ ನೋಡಿ. 1309ರಲ್ಲಿ ಅವನ ಮಾತು, ಸತ್ತ ಮಗನ ಮಗ ಮಗಳಿಗಿಂತ ಮೇಲು. 1328ರಲ್ಲಿ, ಹೆಣ್ಣಿನ ಮೂಲಕ ಕಿರೀಟ ಬರುವುದಿಲ್ಲ. ಇಂಗ್ಲೆಂಡಿಗೆ ಹೋದ ಮೇಲೆ, ತಾಯಿಯ ಮೂಲಕ ಫ್ರಾನ್ಸಿನ ಕಿರೀಟ ಕೇಳುವ ಎಡ್ವರ್ಡ್‌ನ ಪಕ್ಷ. 1342ರಲ್ಲಿ, ಸತ್ತ ಅಪ್ಪನ ಜಾಗದಲ್ಲಿ ಮಗಳು ನಿಲ್ಲುವಂತಿಲ್ಲ ಎನ್ನುವವನ ಪಕ್ಷ. ಇದನ್ನು ಬರೀ ಅವನ ಗೋಸುಂಬೆತನ ಎನ್ನಲು ನನಗೆ ಮನಸ್ಸಿಲ್ಲ. ಎದುರಿಗಿದ್ದವರೂ ಇಷ್ಟೇ ಸಲೀಸಾಗಿ ವಾದ ಬದಲಿಸಿದರು. ಅವರ ಕೈಯಲ್ಲಿ ತೀರ್ಪು ಬರೆಯುವ ಅಧಿಕಾರ ಇತ್ತು, ಇವನ ಕೈಯಲ್ಲಿ ಇರಲಿಲ್ಲ.

ವಾನ್ ಊರನ್ನು ಹಿಡಿದು, ಮತ್ತೆ ಕಳೆದುಕೊಂಡು, ಅಲ್ಲೇ ಗಾಯಗೊಂಡು ರೊಬೇರ್ 1342ರ ಕೊನೆಯ ತಿಂಗಳುಗಳಲ್ಲಿ ಸತ್ತ. ವಯಸ್ಸು ಐವತ್ತೈದು. ಅವನನ್ನು ಹೂತದ್ದು ಲಂಡನ್ನಿನಲ್ಲಿ.

ಮನೆಯವರು

ಓಡಿಹೋದವನ ಲೆಕ್ಕವನ್ನು ಉಳಿದವರು ತೀರಿಸಿದರು. ಹೆಂಡತಿ ಝಾನ್ ರಾಜನ ಮಲತಂಗಿ, ಆದರೂ ಅಣ್ಣ ಅವಳನ್ನು ಕೋಟೆಯಲ್ಲಿ ಸೆರೆ ಇಟ್ಟ. ಗಂಡುಮಕ್ಕಳೂ ಸೆರೆಯಲ್ಲೇ ಬೆಳೆದರು. ಹಿರಿಯವನು ಝಾಂ 1321ರಲ್ಲಿ ಹುಟ್ಟಿದವನು. ಅಪ್ಪನ ಮೇಲೆ ತೀರ್ಪು ಬಂದಾಗ ಹತ್ತು ಹನ್ನೊಂದು ವರ್ಷದ ಹುಡುಗ. ಜನ ಅವನನ್ನು ಭೂಮಿಯಿಲ್ಲದ ಝಾಂ ಎಂದೇ ಕರೆದರು.

ಫಿಲಿಪ್ ಬದುಕಿರುವಷ್ಟು ಕಾಲ ಈ ಮನೆಗೆ ಮರ್ಯಾದೆ ಮರಳಲಿಲ್ಲ. 1350ರಲ್ಲಿ ಅವನ ಮಗ, ಎರಡನೇ ಝಾಂ ರಾಜನಾದ. ಮೇಣದ ಗೊಂಬೆಯ ಕಥೆಯಲ್ಲಿ ಮಾಟಕ್ಕೆ ಗುರಿಯಾಗಿದ್ದನಲ್ಲ, ಅದೇ ಹುಡುಗ. ತನ್ನನ್ನು ಕೊಲ್ಲಿಸಲು ನೋಡಿದ ಎನ್ನಲಾದವನ ಮಗನನ್ನು ಅವನು ಹತ್ತಿರ ಸೇರಿಸಿಕೊಂಡ, ನಾರ್ಮಂಡಿಯ ಯೂ ಎಂಬ ಕೌಂಟ್ ಪದವಿ ಕೊಟ್ಟ. ಆ ಸೀಮೆ ಖಾಲಿ ಇದ್ದದ್ದು ಅದರ ಹಿಂದಿನ ಒಡೆಯನ ತಲೆಯನ್ನು ರಾಜ ಕಡಿಸಿದ್ದರಿಂದ. 1356ರಲ್ಲಿ ಪ್ವಾತಿಯೇ ಯುದ್ಧದಲ್ಲಿ ರಾಜನೂ ಸೆರೆಯಾದ, ಜೊತೆಗೆ ಈ ಝಾಂ ಕೂಡ.

ಸೆರೆ ಈ ಮನೆಯನ್ನು ಬಿಡಲಿಲ್ಲ. ಝಾಂನ ಮಗ ಫಿಲಿಪ್ ಫ್ರಾನ್ಸಿನ ಸೇನೆಯ ಮುಖ್ಯಸ್ಥನಾದ. 1396ರಲ್ಲಿ ಡ್ಯಾನ್ಯೂಬ್ ದಡದ ನಿಕೊಪೊಲಿಸ್‌ನಲ್ಲಿ ತುರ್ಕರ ಕೈಗೆ ಸಿಕ್ಕಿ ಮರುವರ್ಷ ಸೆರೆಯಲ್ಲೇ ಸತ್ತ. ಅವನ ಮಗ ಶಾರ್ಲ್ 1415ರಲ್ಲಿ ಅಜಾಂಕೂರ್‌ನಲ್ಲಿ ಇಂಗ್ಲಿಷರ ಕೈಗೆ ಸಿಕ್ಕ, 1438ರವರೆಗೆ ಇಂಗ್ಲೆಂಡಿನಲ್ಲಿ ಸೆರೆಯಾಳಾಗಿದ್ದ. 1472ರಲ್ಲಿ ಮಕ್ಕಳಿಲ್ಲದೆ ಸತ್ತ. ಯೂ ಸೀಮೆ ಅವನ ತಂಗಿ ಬೋನ್‌ಳ ಮಗನಿಗೆ 1472ರಲ್ಲಿ ಹೋಯಿತು. ಹೆಣ್ಣಿನ ಮೂಲಕವೇ.

ಆರ್ತ್ವಾ ಮಾತ್ರ ಮಾಓಳ ಸಂತತಿಯಲ್ಲೇ ಉಳಿಯಿತು. ಮೊಮ್ಮಗಳಿಂದ ಅವಳ ಮೊಮ್ಮಗನಿಗೆ, ಅವನಿಂದ ಮಾಓಳ ಇನ್ನೊಬ್ಬ ಮೊಮ್ಮಗಳಿಗೆ, ಅಲ್ಲಿಂದ ಅವಳ ಮಗನಿಗೆ, ಅವನ ಮಗಳಿಗೆ, ಅವಳ ಮದುವೆಯ ಮೂಲಕ ಬರ್ಗಂಡಿಯ ಹೊಸ ಡ್ಯೂಕ್‌ಗಳಿಗೆ. 1419ರಿಂದ ಅದು ಡ್ಯೂಕ್ ಮೂರನೇ ಫಿಲಿಪ್‌ನ ಕೈಯಲ್ಲಿತ್ತು. ಅವನು 1424ರ ನವೆಂಬರ್‌ನಲ್ಲಿ ಎರಡನೇ ಮದುವೆಯಾದ. ಹುಡುಗಿ ಅವನ ಚಿಕ್ಕಪ್ಪನ ವಿಧವೆ. ಅವಳೇ ಈ ಬೋನ್, ರೊಬೇರ್‌ನ ಮರಿಮೊಮ್ಮಗಳು. ಹೀಗೆ ಅವನ ರಕ್ತದ ಒಬ್ಬಳು ಆರ್ತ್ವಾದ ಕೌಂಟೆಸ್ ಆದಳು, ದಾವೆಯೂ ಇಲ್ಲದೆ ಪತ್ರವೂ ಇಲ್ಲದೆ. ವರ್ಷ ತುಂಬುವ ಮೊದಲೇ, 1425ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಡ್ಯೂಕ್ ಮತ್ತೆ ಮದುವೆಯಾದ, ಆರ್ತ್ವಾ ಆ ಮೂರನೇ ಹೆಂಡತಿಯ ಮಗನಿಗೆ ಹೋಯಿತು.